ಬಂಗಿಗೆ ಕೊಡುವ ಟ್ಯೂಬು: ಮೆಡಿಕಲ್ ಶಾಪ್ ನಡೆಸುವವರಿಗೊಂದು ಬಹಿರಂಗ ಪತ್ರ

ಊರೂರಲ್ಲಿ ಮೆಡಿಕಲ್ ಶಾಪ್ ನಡೆಸುವ ಬಂಧುಗಳಿಗೆ, ಕೌಂಟರಿನಲ್ಲಿ ನಿಂತು ಔಷಧಿ ಕೊಡುವ ತಮ್ಮ-ತಂಗಿಯರಿಗೆ,



ನಾನು ಚರ್ಮರೋಗದ ವೈದ್ಯೆ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ ಕ್ಲಿನಿಕ್ ನಡೆಸುತ್ತೇನೆ. ಸಂತೆಯ ದಿನ ನನ್ನ ಬಾಗಿಲಲ್ಲಿ ಕೂತಿರುವ ಹೆಂಗಸರಲ್ಲಿ ಬಂಗಿನವರೇ ಹೆಚ್ಚು. ಕೆನ್ನೆ, ಹಣೆ, ಮೂಗಿನ ದಿಂಡು, ಮೇಲ್ದುಟಿ, ಹೀಗೆ ಬಿಸಿಲು ಬೀಳುವಲ್ಲೆಲ್ಲ ಹರಡುವ ಆ ಕಂದು ಕಲೆ ಹೇಗಿರುತ್ತದೆಂದು ನಿಮಗೆ ವಿವರಿಸಬೇಕಾಗಿಲ್ಲ. ನನಗಿಂತ ಮೊದಲು ಅದನ್ನು ನೋಡುವವರು ನೀವು. "ಅಣ್ಣಾ, ಬಂಗಿಗೆ ಒಂದು ಟ್ಯೂಬ್ ಕೊಡ್ರಿ" ಎಂದು ಕೇಳುವಾಗ ಆಕೆ ಸೆರಗನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಿರುತ್ತಾಳೆ, ಪಕ್ಕದ ಗಿರಾಕಿಗೆ ಕೇಳದ ಹಾಗೆ ಮೆಲ್ಲಗೆ ಮಾತಾಡುತ್ತಾಳೆ. ಡಾಕ್ಟರ ಫೀಸು, ಬಸ್ಸಿನ ಖರ್ಚು, ಅರ್ಧ ದಿನದ ಕೂಲಿ ಎಲ್ಲ ಲೆಕ್ಕ ಹಾಕಿದರೆ ಆಕೆಗೆ ನಿಮ್ಮ ಕೌಂಟರೇ ಹತ್ತಿರದ ಆಸ್ಪತ್ರೆ. ನಿಮ್ಮ ಮೇಲೆ ಆಕೆ ಇಟ್ಟಿರುವ ನಂಬಿಕೆ ದೊಡ್ಡದು. ಅದಕ್ಕೇ ಈ ಪತ್ರ ನಿಮಗೆ.

ವಿಷಯ ಎರಡು ಟ್ಯೂಬುಗಳದ್ದು. ಒಂದು, ಬಂಗು ಅಂದ ಕೂಡಲೇ ಕೈ ತಾನಾಗಿ ಹೋಗುವ ಟ್ಯೂಬು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್ ಮೂರೂ ಬೆರೆತ ಕ್ರೀಮು. ಇನ್ನೊಂದು ರ್ಯಾಕಿನ ಮೂಲೆಯಲ್ಲಿ ಕೂತಿದ್ದು ಚೀಟಿ ಬಂದಾಗ ಮಾತ್ರ ಹೊರಗೆ ಬರುವ ಅಜೆಲಾಯಿಕ್ ಆಸಿಡ್. ಎರಡನೆಯದು ಏನು, ಎಲ್ಲಿಂದ ಬಂತು, ಚರ್ಮದೊಳಗೆ ಏನು ಮಾಡುತ್ತದೆ ಎಂಬುದು ನಿಮಗೆ ಗೊತ್ತಿದ್ದರೆ ಕೌಂಟರಿನಲ್ಲಿ ನೀವು ಆಡುವ ಮಾತು ಬದಲಾಗುತ್ತದೆ ಎಂದು ನಾನು ನಂಬಿದ್ದೇನೆ.

ಮೊದಲನೆಯದರ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಅದು ಕೆಟ್ಟ ಔಷಧಿಯಲ್ಲ. 1975ರಲ್ಲಿ ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಐಸಾಕ್ ವಿಲ್ಲಿಸ್ ಎಂಬ ಚರ್ಮವೈದ್ಯರು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಒಂದು ಸ್ಟೀರಾಯ್ಡ್ ಈ ಮೂರನ್ನೂ ಕೂಡಿಸಿದರೆ ಕಲೆ ಬೇಗ ತಿಳಿಯಾಗುತ್ತದೆಂದು ತೋರಿಸಿದರು. ಅಂಥದ್ದೇ ಒಂದು ಕ್ರೀಮಿಗೆ ಅಮೆರಿಕ 2002ರಲ್ಲಿ ಒಪ್ಪಿಗೆ ಕೊಟ್ಟದ್ದು ಬಂಗಿನ ಅಲ್ಪಾವಧಿ ಚಿಕಿತ್ಸೆಗೆ, ಸುಮಾರು 8 ವಾರಕ್ಕೆ. ಅದರಲ್ಲಿರುವುದು ಸೌಮ್ಯವಾದ ಸ್ಟೀರಾಯ್ಡು. ನಮ್ಮಲ್ಲಿ ಓಡುವ ಟ್ಯೂಬಿನಲ್ಲಿರುವ ಮೊಮೆಟಸೋನ್ ಅದಕ್ಕಿಂತ ಜೋರಿನದು. ನಾನೂ ಅದನ್ನು ಬರೆಯುತ್ತೇನೆ, ಕೆಲವೇ ವಾರಕ್ಕೆ, ನಿಲ್ಲಿಸುವ ದಿನವನ್ನೂ ಬರೆದು. ತೊಂದರೆ ಶುರುವಾಗುವುದು ಆ ದಿನ ಕಳೆದ ಮೇಲೆ.

ಹಚ್ಚಿದ ಎರಡೇ ವಾರಕ್ಕೆ ಮುಖ ಬೆಳ್ಳಗೆ, ನಯವಾಗಿ ಕಾಣುತ್ತದೆ. ಓಣಿಯವರು ಕೇಳುತ್ತಾರೆ, ಆಕೆ ಹೆಸರು ಹೇಳುತ್ತಾಳೆ, ಖಾಲಿ ಟ್ಯೂಬಿನ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ, ಅದನ್ನು ತೋರಿಸಿ ಇನ್ನೂ ನಾಲ್ಕು ಜನ ನಿಮ್ಮಲ್ಲಿಗೆ ಬರುತ್ತಾರೆ. ಎರಡು ವರ್ಷ ಹೀಗೇ ಹಚ್ಚಿದ ಒಬ್ಬ ತಾಯಿ ಹೋದ ಬೇಸಿಗೆಯಲ್ಲಿ ನನ್ನೆದುರು ಕೂತಿದ್ದರು. ಪರ್ಸಿನಿಂದ ತೆಗೆದ ಟ್ಯೂಬನ್ನು ಬುಡದಿಂದ ಬಾಯಿಯವರೆಗೆ ಸುರುಳಿ ಸುತ್ತಿಟ್ಟಿದ್ದರು, ಒಂದು ಹನಿಯೂ ದಂಡವಾಗದ ಹಾಗೆ. ಭೂತಗನ್ನಡಿಯಡಿ ಕೆನ್ನೆ ನೋಡಿದರೆ ಕೆಂಪು ನೂಲಿನಂಥ ರಕ್ತನಾಳಗಳು ಒಂದರ ಮೇಲೊಂದು ಹರಿದಾಡುತ್ತಿದ್ದವು. ಚರ್ಮ ಅಷ್ಟು ತೆಳುವಾಗಿತ್ತು. ಗಲ್ಲದ ಮೇಲೆ ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆ. ದವಡೆಯುದ್ದಕ್ಕೂ ಹೊಸದಾಗಿ ಹುಟ್ಟಿದ ಕೂದಲು. ಯಾವ ಬಂಗಿಗಾಗಿ ಇಷ್ಟೆಲ್ಲ ಆಯಿತೋ ಅದು ಕೆನ್ನೆಯಂಚಿನಲ್ಲಿ ಮೊದಲಿಗಿಂತ ಕಪ್ಪಾಗಿ ಕೂತಿತ್ತು. "ಒಂದು ದಿನ ಬಿಟ್ಟರೆ ಮುಖ ಬೆಂಕಿ ಬಿದ್ದಂಗಾಗುತ್ತೆ ಮೇಡಂ, ಹಚ್ಚಿದರೇ ತಂಪು" ಎಂದರು. ಆಕೆಗೆ ಅದು ಔಷಧಿಯ ಗುಣವಾಗಿ ಕಂಡಿತ್ತು. ಅದು ಚರ್ಮಕ್ಕೆ ಹತ್ತಿದ ಚಟ.

ಇಂಥ ಮುಖಗಳಿಗೆ ನಮ್ಮ ದೇಶದ ಚರ್ಮವೈದ್ಯರು ಒಂದು ಹೆಸರನ್ನೇ ಇಟ್ಟಿದ್ದಾರೆ, ಸ್ಟೀರಾಯ್ಡಿನಿಂದ ಹಾಳಾದ ಮುಖ ಎಂದು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ 12 ಕೇಂದ್ರಗಳಲ್ಲಿ ಮುಖದ ತೊಂದರೆ ಹೇಳಿಕೊಂಡು ಬಂದ 2,926 ಮಂದಿಯನ್ನು ವಿಚಾರಿಸಿದಾಗ ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ನೂರಕ್ಕೆ ಹದಿನೈದು ಜನ ಎಂದಾಯಿತು. ಇದರ ವಿರುದ್ಧ ಕೂಗು ಹೆಚ್ಚಾದ ಮೇಲೆಯೇ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ಶೆಡ್ಯೂಲ್ ಎಚ್ ಪಟ್ಟಿಯ ಬಿಗಿಯೊಳಗೆ ತಂದಿತು. ಚೀಟಿ ಇಲ್ಲದೆ ಕೊಡುವಂತಿಲ್ಲ. ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅದನ್ನು ಹಿಡಿದು ಹೆದರಿಸುವುದಕ್ಕೆ ಬರೆಯುತ್ತಿಲ್ಲ. ಹೈಡ್ರೋಕ್ವಿನೋನ್ ಬಗ್ಗೆಯೂ ಒಂದು ಮಾತು ಸೇರಿಸಬೇಕು. ವರ್ಷಗಟ್ಟಲೆ ಹಚ್ಚಿದ ಕೆಲವರಲ್ಲಿ ಅದು ಕೆನ್ನೆಯ ಮೇಲೆ ನೀಲಿಗಪ್ಪು ಬಣ್ಣ ಕೂರಿಸುತ್ತದೆ. ದಕ್ಷಿಣ ಆಫ್ರಿಕದ ವೈದ್ಯರು ಇದನ್ನು 1975ರಲ್ಲೇ ಬರೆದಿಟ್ಟರು. ಒಮ್ಮೆ ಕೂತ ಆ ಬಣ್ಣ ತೆಗೆಯುವುದು ಬಹಳ ಕಷ್ಟ.

ಇನ್ನು ಆ ಮೂಲೆಯ ಟ್ಯೂಬಿನ ವಿಷಯ.

ಅಜೆಲಾಯಿಕ್ ಆಮ್ಲ ಯಾರೋ ಹೊಸದಾಗಿ ಕಟ್ಟಿದ ರಾಸಾಯನಿಕವಲ್ಲ. ಒಂಬತ್ತು ಇಂಗಾಲಗಳ ಒಂದು ಸರಪಳಿ, ಎರಡೂ ತುದಿಗೆ ಒಂದೊಂದು ಆಮ್ಲದ ಗುಂಪು, ಇಷ್ಟೇ ಅದರ ರಚನೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಇದೆ. ಊಟದಿಂದಲೇ ನಮ್ಮೆಲ್ಲರ ರಕ್ತದಲ್ಲಿ ಒಂದಿಷ್ಟು ಸದಾ ಇರುತ್ತದೆ. ಎಣ್ಣೆ, ಕೊಬ್ಬು ಗಾಳಿಗೆ ಸಿಕ್ಕು ಕಮಟು ಹಿಡಿಯುವಾಗಲೂ ಹುಟ್ಟುತ್ತದೆ. ಹಿಂದೆ ಪ್ರಯೋಗಾಲಯಗಳಲ್ಲಿ ಇದನ್ನು ನಮ್ಮ ಹರಳೆಣ್ಣೆಯಿಂದಲೇ ತಯಾರಿಸುತ್ತಿದ್ದರು. ಹರಳೆಣ್ಣೆಯ ಮುಖ್ಯ ಕೊಬ್ಬಿನಾಮ್ಲವನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿ ಒಡೆದರೆ ಇದು ಬರುತ್ತದೆ. ಈಗಿನ ಕಾರ್ಖಾನೆಗಳು ಓಲಿಯಿಕ್ ಆಮ್ಲವನ್ನು ಓಜೋನಿನಿಂದ ಸೀಳಿ ಪಡೆಯುತ್ತವೆ. ಹಾಗಂತ ಯಾರಾದರೂ ಮುಖಕ್ಕೆ ಹರಳೆಣ್ಣೆ ತಿಕ್ಕಿಕೊಂಡರೆ, ಗೋಧಿ ಹಿಟ್ಟಿನ ಲೇಪ ಹಾಕಿಕೊಂಡರೆ ಬಂಗು ಹೋಗುವುದಿಲ್ಲ. 20 ಪರ್ಸೆಂಟಿನ ಕ್ರೀಮಿನ ಒಂದೊಂದು ಗ್ರಾಮಿನಲ್ಲೂ 200 ಮಿಲಿಗ್ರಾಂ ಶುದ್ಧ ಆಮ್ಲ ಇರುತ್ತದೆ. ಅಷ್ಟು ಬೇಕು.

ಈ ಆಮ್ಲ ಔಷಧಿಯಾದ ಕಥೆ ನನಗೆ ತುಂಬ ಇಷ್ಟ, ಅದು ಶುರುವಾಗುವುದು ಚಿಬ್ಬಿನಿಂದ. ಎದೆ, ಬೆನ್ನು, ಕುತ್ತಿಗೆ ಮೇಲೆ ಬೆವರುವ ಮಕ್ಕಳಿಗೆ, ಹರೆಯದವರಿಗೆ ಬರುವ ಆ ಬಿಳಿಚಿಬ್ಬನ್ನು ನೀವು ದಿನಾ ನೋಡುತ್ತೀರಿ. ಅದಕ್ಕೆ ಕಾರಣ ಎಲ್ಲರ ಚರ್ಮದ ಮೇಲೂ ವಾಸಿಸುವ ಮಲಸ್ಸೀಜಿಯ ಎಂಬ ಯೀಸ್ಟು. ಅದು ಅತಿಯಾಗಿ ಬೆಳೆದ ಜಾಗದಲ್ಲಿ ಚರ್ಮದ ಬಣ್ಣ ಮಾಸುತ್ತದೆ. ಯಾಕೆ ಮಾಸುತ್ತದೆ? ರೋಮ್ ನಗರದ ಸಾನ್ ಗಲ್ಲಿಕಾನೊ ಚರ್ಮರೋಗ ಸಂಸ್ಥೆಯ ಮಾರ್ಚೆಲ್ಲಾ ನಜ್ಜಾರೊ ಪೊರ್ರೊ ಮತ್ತು ಸೀರೊ ಪಾಸ್ಸಿ ಈ ಪ್ರಶ್ನೆಯ ಬೆನ್ನು ಹತ್ತಿದರು. ಯೀಸ್ಟನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಕೊಬ್ಬಿನಾಮ್ಲ ಉಣಿಸಿದಾಗ ಅದು ಅವನ್ನು ಒಡೆದು ಅಜೆಲಾಯಿಕ್‌ನಂಥ ಆಮ್ಲಗಳನ್ನು ತಯಾರಿಸುವುದು ಕಂಡಿತು. ಆ ಆಮ್ಲಗಳು ಬಣ್ಣ ತಯಾರಿಸುವ ಟೈರೋಸಿನೇಸ್ ಎಂಬ ಕಿಣ್ವವನ್ನು ತಡೆಯುತ್ತವೆ ಎಂದು 1978ರಲ್ಲಿ ಅವರು ಪ್ರಕಟಿಸಿದರು. ಒಂದು ಕಾಯಿಲೆ ಬಣ್ಣ ಕಡಿಮೆ ಮಾಡುತ್ತದೆ ಎಂದಾದರೆ, ಬಣ್ಣ ಹೆಚ್ಚಾದ ಕಾಯಿಲೆಗೆ ಅದರ ಸತ್ವವನ್ನೇ ಔಷಧಿ ಮಾಡಬಾರದೇಕೆ ಎಂದು ಅವರು ಕೇಳಿಕೊಂಡರು. ಚರ್ಮ ಕಪ್ಪಾಗುವ ತೊಂದರೆಗಳಿಗೆ ಹಚ್ಚಿ ನೋಡಿದರು, ಬಂಗಿಗೂ ಹಚ್ಚಿದರು. ಬಂಗಿಗೆಂದು ಹಚ್ಚಿಸಿಕೊಂಡವರಲ್ಲಿ ಕೆಲವರಿಗೆ ಮೊಡವೆಯೂ ಇತ್ತು, ಅದೂ ಕಡಿಮೆಯಾಗುವುದು ಕಣ್ಣಿಗೆ ಬಿತ್ತು. ಹೀಗೆ ಒಂದೇ ಆಮ್ಲಕ್ಕೆ ಎರಡು ಕೆಲಸ ಸಿಕ್ಕವು. ಚಿಬ್ಬಿನ ಬಿಳುಪಿಗೆ ಈ ಆಮ್ಲವೊಂದೇ ಕಾರಣವಿರಲಾರದು, ಆ ಯೀಸ್ಟು ಇನ್ನೂ ಬೇರೆ ಬೇರೆ ವಸ್ತುಗಳನ್ನು ತಯಾರಿಸುತ್ತದೆ ಎಂದು ಆಮೇಲಿನ ಸಂಶೋಧಕರು ಹೇಳಿದ್ದಾರೆ. ಆದರೆ ಆ ಹುಡುಕಾಟದಲ್ಲಿ ಸಿಕ್ಕ ಔಷಧಿ ಉಳಿದುಕೊಂಡಿತು. ಅಮೆರಿಕದಲ್ಲಿ 20 ಪರ್ಸೆಂಟಿನ ಕ್ರೀಮಿಗೆ 1995ರಲ್ಲಿ ಮೊಡವೆಗೆಂದು, 15 ಪರ್ಸೆಂಟಿನ ಜೆಲ್ಲಿಗೆ 2002ರಲ್ಲಿ ರೊಸೇಸಿಯ ಎಂಬ ಮುಖ ಕೆಂಪಾಗುವ ಕಾಯಿಲೆಗೆಂದು ಒಪ್ಪಿಗೆ ಸಿಕ್ಕಿತು. ಬಂಗಿಗೆ ನಾವು ಬಳಸುವುದು ವೈದ್ಯರ ಅನುಭವ ಮತ್ತು ಪ್ರಯೋಗಗಳ ಬಲದ ಮೇಲೆ.

ಚರ್ಮದೊಳಗೆ ಅದು ಮಾಡುವ ಕೆಲಸವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಾನು ಕೇಳಿಕೊಳ್ಳಬೇಕಾದದ್ದೆಲ್ಲ ಇಲ್ಲೇ ಇದೆ. ಮೇಲ್ಚರ್ಮದ ತಳದಲ್ಲಿ ಬಣ್ಣ ತಯಾರಿಸುವ ಕೋಶಗಳು ಸಾಲಾಗಿ ಕೂತಿರುತ್ತವೆ. ಬಂಗು ಇರುವಲ್ಲಿ ಈ ಕೋಶಗಳು ಕೆರಳಿರುತ್ತವೆ. ಬಿಸಿಲು, ಬಸಿರು, ಕೆಲವು ಗರ್ಭನಿರೋಧಕ ಮಾತ್ರೆಗಳು, ಮನೆತನದಲ್ಲಿ ಹರಿದು ಬಂದ ಗುಣ ಎಲ್ಲ ಸೇರಿ ಅವುಗಳನ್ನು ಕೆರಳಿಸುತ್ತವೆ. ಅಜೆಲಾಯಿಕ್ ಆಮ್ಲ ಆ ಕೋಶದೊಳಗೆ ಟೈರೋಸಿನೇಸ್ ಕಿಣ್ವ ಕೆಲಸ ಮಾಡುವ ಜಾಗದಲ್ಲಿ ತಾನು ಕೂತು ಬಣ್ಣದ ತಯಾರಿಯನ್ನು ತಗ್ಗಿಸುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಕಿಣ್ವಗಳ ಮೇಲೂ, ಕೋಶ ಇಮ್ಮಡಿಯಾಗಲು ಬೇಕಾದ ಡಿಎನ್‌ಎ ತಯಾರಿಯ ಮೇಲೂ ಅದರ ಹಿಡಿತ ಇದೆ. ಆದರೆ ಈ ಹಿಡಿತ ಬೀಳುವುದು ಕೆರಳಿದ ಕೋಶಗಳ ಮೇಲೆ. ತಮ್ಮ ಪಾಡಿಗೆ ತಾವಿರುವ ಕೋಶಗಳನ್ನು ಅದು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಹುಟ್ಟಿನಿಂದ ಬಂದ ಮಚ್ಚೆಗೆ ಹಚ್ಚಿದರೆ ಮಚ್ಚೆ ಹಾಗೇ ಇರುತ್ತದೆ. ಬಂಗು ಇಲ್ಲದ ಕೆನ್ನೆಗೆ ಹಚ್ಚಿದರೆ ಕೆನ್ನೆಯ ಬಣ್ಣ ಹಾಗೇ ಇರುತ್ತದೆ.

ಗಿರಾಕಿಗೆ ಬೇಸರ ಬರುವುದು ಇಲ್ಲಿಯೇ. "ಅಣ್ಣಾ, ಇದನ್ನ ಹಚ್ಚಿದರೆ ಬೆಳ್ಳಗಾಗ್ತೀನಾ?" ಎಂದು ಆಕೆ ಕೇಳುತ್ತಾಳೆ. ನೀವು "ಇಲ್ಲಮ್ಮ, ಕಲೆ ಮಾಸುತ್ತೆ, ನಿನ್ನ ಬಣ್ಣ ನಿನ್ನದೇ ಇರುತ್ತೆ" ಎಂದರೆ ಆಕೆಯ ಮುಖ ಸಪ್ಪೆಯಾಗಬಹುದು. ಹೇಳಿ. ನನ್ನ ಮಟ್ಟಿಗೆ ಈ ಆಮ್ಲದ ದೊಡ್ಡ ಗುಣವೇ ಅದು. ನಮ್ಮ ನೆಲದ ಹೆಣ್ಣುಮಕ್ಕಳ ಮೈಬಣ್ಣ ರೋಗವಲ್ಲ. ಆ ಬಣ್ಣವೇ ನಮ್ಮ ಬಿಸಿಲಿನಿಂದ ನಮ್ಮ ಚರ್ಮವನ್ನು ಕಾಯುತ್ತಿರುವುದು. ಬಂಗನ್ನು ಹಿಡಿದು ಬಣ್ಣವನ್ನು ಬಿಡುವ ಔಷಧಿ ನಮಗೆ ಬೇಕಾದ ಔಷಧಿ. ಎರಡನ್ನೂ ಒಟ್ಟಿಗೆ ಕೆರೆಯುವ ಟ್ಯೂಬಿಗೆ ನಾವು ಒಗ್ಗಿಹೋದದ್ದು ನನಗೆ ನಿಜವಾಗಿ ನೋವು ಕೊಡುತ್ತದೆ. ಮದುವೆ ಗೊತ್ತಾದ ಹುಡುಗಿಯನ್ನು ಕರೆತಂದು "ಒಂದು ತಿಂಗಳಲ್ಲಿ ಬೆಳ್ಳಗೆ ಮಾಡಿಕೊಡಿ" ಎನ್ನುವ ತಾಯಂದಿರಿಗೆ ನಾನು ಹೇಳುವುದೂ ಇದನ್ನೇ.

ಈ ಆಮ್ಲ ನಿಧಾನವಾಗಿ ಕೆಲಸ ಮಾಡುತ್ತದೆ, ಅದಕ್ಕೂ ಕಾರಣ ಇದೆ. ಕಿಣ್ವ ಇವತ್ತು ತಣ್ಣಗಾದರೂ ಮೊದಲೇ ತಯಾರಾದ ಬಣ್ಣ ಮೇಲ್ಚರ್ಮದ ಪದರಗಳಲ್ಲಿ ಕೂತಿರುತ್ತದೆ. ತಳದ ಕೋಶ ಮೇಲಕ್ಕೆ ಬಂದು ಉದುರುವುದಕ್ಕೆ ಒಂದು ತಿಂಗಳು, ಒಂದೂವರೆ ತಿಂಗಳು ಬೇಕು. ಹಳೆಯ ಬಣ್ಣ ಹೀಗೆ ಉದುರುತ್ತಾ ಹೊಸದು ಕಡಿಮೆ ಹುಟ್ಟುತ್ತಾ ಹೋದಾಗ ಮಾತ್ರ ಕನ್ನಡಿಯಲ್ಲಿ ವ್ಯತ್ಯಾಸ ಕಾಣುತ್ತದೆ. ಎರಡನೇ ತಿಂಗಳಲ್ಲಿ ಅಂಚು ಮಸುಕಾಗುತ್ತದೆ. ಆರು ತಿಂಗಳು ಹಚ್ಚಿದರೆ ಪೂರ್ತಿ ಫಲ ಗೊತ್ತಾಗುತ್ತದೆ. ಫಿಲಿಪ್ಪೀನ್ಸಿನಲ್ಲಿ ನಮ್ಮಂಥದೇ ಕಂದು ಚರ್ಮದ 155 ಮಂದಿಯ ಮೇಲೆ 24 ವಾರ ನಡೆದು 1989ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 20 ಪರ್ಸೆಂಟಿನ ಅಜೆಲಾಯಿಕ್ ಹಚ್ಚಿದವರಲ್ಲಿ ನೂರಕ್ಕೆ 73 ಮಂದಿಗೆ ಒಳ್ಳೆಯ ಗುಣ ಕಂಡಿತು. 2 ಪರ್ಸೆಂಟಿನ ಹೈಡ್ರೋಕ್ವಿನೋನ್ ಹಚ್ಚಿದವರಲ್ಲಿ ನೂರಕ್ಕೆ 19 ಮಂದಿಗೆ. 1991ರಲ್ಲಿ 329 ಹೆಂಗಸರ ಮೇಲಿನ ಇನ್ನೊಂದು ಪ್ರಯೋಗ ಬಂತು, ಅದರಲ್ಲಿ ಎದುರಾಳಿ 4 ಪರ್ಸೆಂಟಿನ ಹೈಡ್ರೋಕ್ವಿನೋನ್. ಅಜೆಲಾಯಿಕ್ ಗುಂಪಿನಲ್ಲಿ ನೂರಕ್ಕೆ 65 ಮಂದಿಗೆ ಗುಣವಾಯಿತು, ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಇರಲಿಲ್ಲ. ಎರಡೂ ಪ್ರಯೋಗ ನಡೆದದ್ದು 24 ವಾರ ಎಂಬುದನ್ನು ದಯವಿಟ್ಟು ಗಮನಿಸಿ. ಮೂರು ವಾರಕ್ಕೆ ನಿಲ್ಲಿಸಿ ಲೆಕ್ಕ ಹಾಕಿದ್ದರೆ ಆ ಅಂಕಿಗಳು ಬರುತ್ತಲೇ ಇರಲಿಲ್ಲ.

ನನ್ನಂಥವರು ಬರೆದ ಅಜೆಲಾಯಿಕ್ ತೆಗೆದುಕೊಂಡು ಹೋದವಳು ಮೂರನೇ ವಾರಕ್ಕೆ ನಮ್ಮ ಹತ್ತಿರ ಬರುವುದಿಲ್ಲ, ನಿಮ್ಮ ಹತ್ತಿರ ಬರುತ್ತಾಳೆ. "ಡಾಕ್ಟ್ರು ಕೊಟ್ಟಿದ್ದು ಚುರುಚುರು ಅನ್ನುತ್ತೆ ಅಷ್ಟೇ, ಏನೂ ಉಪಯೋಗ ಇಲ್ಲ, ಬೇರೆ ಕೊಡಿ" ಅನ್ನುತ್ತಾಳೆ. ಈ ಪತ್ರ ಬರೆಯುತ್ತಿರುವುದು ಆ ಒಂದು ನಿಮಿಷಕ್ಕಾಗಿ. ಆಗ ನಿಮ್ಮ ಕೈ ಮೊದಲನೇ ಟ್ಯೂಬಿನ ಕಡೆ ಹೋಗದಿರಲಿ. "ಇದು ಎರಡು ತಿಂಗಳು ತಗೊಳ್ಳುತ್ತೆ ಅಕ್ಕಾ, ಬಿಡಬೇಡಿ, ಈ ಮಧ್ಯೆ ಬಿಸಿಲಿಗೆ ಮುಖ ಕೊಡಬೇಡಿ" ಎಂದು ನೀವು ಒಂದು ಮಾತು ಹೇಳಿದರೆ ನನ್ನ ಚೀಟಿಗಿಂತ ಅದರ ತೂಕ ಹೆಚ್ಚು. ನೀವು ಆಕೆಯ ಊರಿನವರು, ಆಕೆಯ ಮಕ್ಕಳ ಜ್ವರಕ್ಕೆ ರಾತ್ರಿ ಬಾಗಿಲು ತೆಗೆದು ಸಿರಪ್ ಕೊಟ್ಟವರು.

ಆ ಚುರುಚುರು ವಿಷಯ ಮೊದಲೇ ಹೇಳಿಬಿಡಬೇಕು. ಹಚ್ಚಿದ ಕೆಲವು ನಿಮಿಷ ಚುಚ್ಚಿದ ಹಾಗೆ, ತುರಿಸಿದ ಹಾಗೆ ಆಗುತ್ತದೆ, ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಟ್ಯೂಬಿನ ಮೇಲೆ ಆಸಿಡ್ ಅಂತ ಓದಿ, ಉರಿಯೂ ಸೇರಿಕೊಂಡಾಗ ಮುಖ ಸುಟ್ಟೇ ಹೋಯಿತು ಎಂದು ಹೆದರಿದವರನ್ನು ನೋಡಿದ್ದೇನೆ. ಇದು ಚರ್ಮ ಸುಡುವ ಆಮ್ಲವಲ್ಲ ಎಂದು ಕೈಯಲ್ಲಿ ಟ್ಯೂಬ್ ಇಡುವಾಗಲೇ ಹೇಳಿ. ಮುಖ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಹಚ್ಚಬೇಕು. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಹೆಚ್ಚು. ಇಡೀ ಮುಖಕ್ಕೆ ಕಡಲೆಕಾಳಿನಷ್ಟು ಸಾಕು. ಮೊದಲ ವಾರ ರಾತ್ರಿ ಒಮ್ಮೆ, ಅದೂ ದಿನ ಬಿಟ್ಟು ದಿನ ಹಚ್ಚಿ, ಒಗ್ಗಿದ ಮೇಲೆ ವೈದ್ಯರು ಬರೆದ ಹಾಗೆ ಎರಡು ಹೊತ್ತಿಗೆ ಏರಿಸಬಹುದು. ಉರಿ ತಡೆಯಲಾಗದಿದ್ದರೆ ಮೊದಲು ಸಾದಾ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಿ ಅದರ ಮೇಲೆ ಇದು. ಮುಖ ಊದಿದರೆ, ಕೆಂಪು ಇಳಿಯದೇ ಇದ್ದರೆ, ದಮ್ಮಿನ ತೊಂದರೆ ಇರುವವರಿಗೆ ಉಸಿರು ಕಟ್ಟಿದಂತಾದರೆ ನಿಲ್ಲಿಸಿ ವೈದ್ಯರ ಹತ್ತಿರ ಕಳಿಸಿ. ನಿಂಬೆರಸ, ಸ್ಕ್ರಬ್ಬು, ಪಾರ್ಲರಿನ ಬ್ಲೀಚು ಇದರ ಜೊತೆ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಇಲ್ಲದ ಕಡೆಯೂ ಕಪ್ಪು ಕಲೆ ಬೀಳುತ್ತದೆ.

ಬಿಸಿಲನ್ನು ತಡೆಯದೆ ಯಾವ ಟ್ಯೂಬೂ ಕೆಲಸ ಮಾಡುವುದಿಲ್ಲ. ಕಳೆ ಕೀಳುವವಳಿಗೆ, ಮೆಣಸಿನಕಾಯಿ ಬಿಡಿಸುವವಳಿಗೆ "ಬಿಸಿಲಿಗೆ ಹೋಗಬೇಡ" ಎನ್ನುವುದು ನಮ್ಮ ಬಾಯಿಗೆ ಸುಲಭ, ಆಕೆಯ ಹೊಟ್ಟೆಗೆ ಅಲ್ಲ. ಅಗಲ ಅಂಚಿನ ಟೋಪಿ, ಹಣೆಯ ಮುಂದಕ್ಕೆ ಬರುವ ಹಾಗೆ ಕಟ್ಟಿದ ದಪ್ಪ ಹತ್ತಿಯ ವಸ್ತ್ರ, ಇವು ಆಕೆಯ ಕೈಗೆಟುಕುವ ಸನ್‌ಸ್ಕ್ರೀನ್. ಕೊಳ್ಳಲು ಶಕ್ತಿ ಇರುವವರಿಗೆ ಬಣ್ಣ ಬೆರೆಸಿದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ತೋರಿಸಿ. ನಮ್ಮಂಥ ಚರ್ಮದಲ್ಲಿ ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ, ಅದನ್ನು ತಡೆಯುವುದು ಆ ಐರನ್ ಆಕ್ಸೈಡು. ಸಾದಾ ಬಿಳಿ ಸನ್‌ಸ್ಕ್ರೀನುಗಳಿಂದ ಆ ಕೆಲಸ ಅಷ್ಟಾಗಿ ಆಗುವುದಿಲ್ಲ.

ಬಸುರಿಯರ ವಿಷಯದಲ್ಲಿ ನಿಮ್ಮ ಎಚ್ಚರ ಇನ್ನೂ ಹೆಚ್ಚಬೇಕು. ಬಂಗು ಬಹಳ ಸಲ ಕಾಣಿಸಿಕೊಳ್ಳುವುದೇ ಬಸಿರಿನಲ್ಲಿ. ಹೆರಿಗೆಯಾದ ತಿಂಗಳುಗಳಲ್ಲಿ ಕೆಲವರಿಗೆ ತಾನಾಗಿ ಮಾಸುತ್ತದೆ, ಕಾಯಬಹುದು. ಮೂರು ಬೆರೆತ ಟ್ಯೂಬನ್ನು ಬಸುರಿಗೆ ಕೊಡಲೇಬಾರದು. ಅದರಲ್ಲಿರುವ ಟ್ರೆಟಿನಾಯಿನ್ ಬಸಿರಿನಲ್ಲಿ ನಾವು ದೂರ ಇಡುವ ಔಷಧಿ, ಹಚ್ಚಿದ ಹೈಡ್ರೋಕ್ವಿನೋನಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ರಕ್ತಕ್ಕೆ ಸೇರುತ್ತದೆ. ಅಜೆಲಾಯಿಕ್ ಆಮ್ಲದಲ್ಲಿ ಒಳಗೆ ಹೋಗುವುದು ನೂರಕ್ಕೆ ನಾಲ್ಕರಷ್ಟು, ಅದೂ ಬಹುಪಾಲು ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಅದಕ್ಕೇ ಬಸಿರಿನಲ್ಲಿ ಔಷಧಿ ಬೇಕೇ ಬೇಕು ಎನ್ನುವಂಥ ಮೊಡವೆಗೆ, ಬಂಗಿಗೆ ನಾವು ಮೊದಲು ನೆನೆಯುವ ಹೆಸರು ಇದು. ಆದರೂ ಆ ತೀರ್ಮಾನ ಹೆರಿಗೆ ಡಾಕ್ಟರದ್ದಿರಲಿ. ಬಂಗಿನ ಕ್ರೀಮು ಕೇಳಿ ಬಂದ ಯಾವ ಹೆಂಗಸಿಗಾದರೂ "ಬಸಿರೇನಮ್ಮ?" ಎಂಬ ಒಂದು ಪ್ರಶ್ನೆ ನಿಮ್ಮ ಬಾಯಲ್ಲಿ ರೂಢಿಯಾಗಲಿ.

ಮೊಡವೆಗೆ ಇದು ಕೆಲಸ ಮಾಡುವ ದಾರಿ ಬೇರೆ. ರಂಧ್ರದೊಳಗೆ ಸತ್ತ ಕೋಶಗಳು ಗಂಟುಕಟ್ಟುವುದನ್ನು ಸಡಿಲಿಸುತ್ತದೆ, ಮೊಡವೆಯ ಬ್ಯಾಕ್ಟೀರಿಯ ತನಗೆ ಬೇಕಾದ ಪ್ರೋಟೀನ್ ತಯಾರಿಸದ ಹಾಗೆ ಮಾಡುತ್ತದೆ, ಊತ ಇಳಿಸುತ್ತದೆ, ಮೊಡವೆ ಬಿಟ್ಟುಹೋದ ಕಪ್ಪು ಕಲೆಯನ್ನೂ ತಿಳಿ ಮಾಡುತ್ತದೆ. ನಮ್ಮ ಬಣ್ಣದ ಚರ್ಮದಲ್ಲಿ ಮೊಡವೆಗಿಂತ ಕಲೆಯದೇ ಹೆಚ್ಚು ಸಂಕಟ ಅಲ್ಲವೇ, ಆದ್ದರಿಂದ ಹರೆಯದ ಹುಡುಗ-ಹುಡುಗಿಯರಿಗೆ ಇದು ನನಗೆ ಬಹಳ ಪ್ರಿಯವಾದ ಔಷಧಿ. ಕ್ಲಿಂಡಮೈಸಿನ್ ಜೆಲ್ಲನ್ನು ತಿಂಗಳುಗಟ್ಟಲೆ ಒಂಟಿಯಾಗಿ ಹಚ್ಚಿದರೆ ಬ್ಯಾಕ್ಟೀರಿಯ ಅದಕ್ಕೆ ಬಗ್ಗದ ಹಾಗಾಗುತ್ತದೆ. ಅಜೆಲಾಯಿಕ್ ಆಮ್ಲಕ್ಕೆ ಅಂಥ ಪ್ರತಿರೋಧ ಇಷ್ಟು ವರ್ಷಗಳ ಬಳಕೆಯಲ್ಲೂ ತಲೆಯೆತ್ತಿಲ್ಲ. ಇದರ ಬಗ್ಗೆ ಓದುವಾಗ ನನ್ನನ್ನು ಬೆರಗುಗೊಳಿಸಿದ ಇನ್ನೊಂದು ಸಂಗತಿ ಗಿಡಗಳದ್ದು. ಸಾಸಿವೆ ಕುಲದ ಪುಟ್ಟ ಗಿಡವೊಂದರ ಒಂದು ಎಲೆಗೆ ಬ್ಯಾಕ್ಟೀರಿಯ ತಗಲಿದಾಗ ಅಲ್ಲಿ ಅಜೆಲಾಯಿಕ್ ಆಮ್ಲ ಹೆಚ್ಚುತ್ತದೆ, ಅದು ಗಿಡದ ಉಳಿದ ಎಲೆಗಳನ್ನು ಮುಂಬರುವ ದಾಳಿಗೆ ಅಣಿ ಮಾಡುತ್ತದೆ ಎಂದು ಷಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಆಮೇಲೆ ನಿಜವಾಗಿ ರೋಗ ಬಂದಾಗ ಆ ಎಲೆಗಳು ಸ್ಯಾಲಿಸಿಲಿಕ್ ಆಮ್ಲವನ್ನು ಬೇಗ, ಹೆಚ್ಚು ತಯಾರಿಸುತ್ತವೆ. ನೀವು ಆಣಿಗೆ, ಹೊಟ್ಟಿಗೆ ಕೊಡುವ ಔಷಧಿಗಳಲ್ಲಿ ಇರುವುದು ಅದೇ ಸ್ಯಾಲಿಸಿಲಿಕ್.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನೀವು ಕೊಡದಿದ್ದರೆ ಗಿರಾಕಿ ಎದುರು ಅಂಗಡಿಗೆ ಹೋಗುತ್ತಾಳೆ. ಮೂರು ಬೆರೆತ ಟ್ಯೂಬಿನ ಮೇಲೆ ಕಂಪನಿಯವರು ಸ್ಕೀಮು ಕೊಡುತ್ತಾರೆ, ಅಜೆಲಾಯಿಕ್ ನಿಧಾನಕ್ಕೆ ಓಡುತ್ತದೆ, ಡೇಟ್ ಮುಗಿದು ವಾಪಸ್ ಕಳಿಸಬೇಕಾಗುತ್ತದೆ. ಬೆಲೆಯೂ ಕಡಿಮೆಯಲ್ಲ. ನಮ್ಮ ವೈದ್ಯರಲ್ಲೂ ಎಷ್ಟೋ ಜನ ಆ ಟ್ಯೂಬನ್ನು ಬರೆದು ನಿಲ್ಲಿಸುವ ದಿನ ಬರೆಯುವುದಿಲ್ಲ, ಅದೇ ಹಳೆಯ ಚೀಟಿ ನಿಮ್ಮ ಕೌಂಟರಿಗೆ ವರ್ಷಗಟ್ಟಲೆ ಬರುತ್ತಿರುತ್ತದೆ. ಆದ್ದರಿಂದ ಒಬ್ಬ ಅಂಗಡಿಯವರು ಗಟ್ಟಿ ಮನಸ್ಸು ಮಾಡಿದರೆ ಸಾಲದು. ನಿಮ್ಮ ತಾಲ್ಲೂಕಿನ ಔಷಧಿ ವ್ಯಾಪಾರಿಗಳ ಸಂಘದ ಸಭೆಯಲ್ಲಿ ಇದೊಂದು ವಿಷಯ ಇಟ್ಟು, ಬಂಗಿಗೂ ಮೊಡವೆಗೂ ಸ್ಟೀರಾಯ್ಡ್ ಕ್ರೀಮನ್ನು ಚೀಟಿ ಇಲ್ಲದೆ, ಹಳೆಯ ಚೀಟಿಗೆ, ಖಾಲಿ ಟ್ಯೂಬಿನ ಫೋಟೋಗೆ ಯಾರೂ ಕೊಡುವುದಿಲ್ಲ ಎಂದು ಎಲ್ಲರೂ ಸೇರಿ ಮಾತು ಮಾಡಿಕೊಳ್ಳಿ. ಎದುರು ಅಂಗಡಿಯೂ ಕೊಡದಿದ್ದರೆ ಯಾರಿಗೂ ಗಿರಾಕಿ ತಪ್ಪುವುದಿಲ್ಲ. ಅಂಥ ಸಭೆಗೆ ನನ್ನನ್ನು ಕರೆದರೆ ಭೂತಗನ್ನಡಿ ಹಿಡಿದುಕೊಂಡು ಬರುತ್ತೇನೆ.

ಈಗಾಗಲೇ ವರ್ಷಗಟ್ಟಲೆ ಆ ಟ್ಯೂಬಿಗೆ ಅಂಟಿಕೊಂಡವರು ನಿಮ್ಮ ಗಿರಾಕಿಗಳಲ್ಲಿ ಇದ್ದೇ ಇರುತ್ತಾರೆ. ಅವರಿಗೆ "ಇವತ್ತೇ ಬಿಸಾಕಿ" ಎನ್ನಬೇಡಿ. ಥಟ್ಟನೆ ಬಿಟ್ಟರೆ ಮುಖ ಕೆಂಪೇರಿ, ಉರಿದು, ಗುಳ್ಳೆ ಎದ್ದು ಅವರು ಮತ್ತೆ ಅದಕ್ಕೇ ಓಡುತ್ತಾರೆ. ಅಂಥ ತೆಳುವಾದ ಚರ್ಮಕ್ಕೆ ಅಜೆಲಾಯಿಕ್ ಕೂಡ ಕೂಡಲೇ ಹಿಡಿಸುವುದಿಲ್ಲ. ಬಿಡಿಸುವುದಕ್ಕೆ ಕ್ರಮ ಇದೆ, ಅದನ್ನು ನಾವು ಮಾಡಬೇಕು, ನಮ್ಮಲ್ಲಿಗೆ ಕಳಿಸಿ. ಖಾಸಗಿ ಫೀಸು ಕೊಡಲಾಗದವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ, ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮ ವಿಭಾಗ ಇರುತ್ತದೆ, ಯಾವ ವಾರ ಯಾವ ಹೊತ್ತು ನೋಡುತ್ತಾರೆಂದು ಒಂದು ಚೀಟಿಯಲ್ಲಿ ಬರೆದು ಕೌಂಟರಿನ ಗಾಜಿಗೆ ಅಂಟಿಸಿಟ್ಟರೆ ಅದೇ ದೊಡ್ಡ ಉಪಕಾರ. ಅಜೆಲಾಯಿಕ್ ಟ್ಯೂಬನ್ನೂ ಚೀಟಿ ನೋಡಿಯೇ ಕೊಡಿ. ಮುಖದ ಮೇಲಿನ ಎಲ್ಲ ಕಪ್ಪು ಕಲೆಯೂ ಬಂಗಲ್ಲ.

ನನ್ನ ಕಡೆಯಿಂದ ಆಗುವುದು ಇಷ್ಟು. ಸ್ಟೀರಾಯ್ಡ್ ಇರುವ ಯಾವ ಕ್ರೀಮು ಬರೆದರೂ ಚೀಟಿಯಲ್ಲಿ ನಿಲ್ಲಿಸುವ ದಿನಾಂಕವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ಆ ದಿನ ಕಳೆದು ಬಂದ ಚೀಟಿಯನ್ನು ನೀವು ವಾಪಸ್ ಕಳಿಸಿದರೆ ನಾನು ನಿಮ್ಮ ಪರವಾಗಿ ನಿಲ್ಲುತ್ತೇನೆ. ಅಜೆಲಾಯಿಕ್ ಬರೆದಾಗ "ಎರಡು ತಿಂಗಳಿಗೆ ಮೊದಲು ಬದಲಾಯಿಸಬೇಡಿ" ಎಂದು ಬರೆದು ನನ್ನ ಕ್ಲಿನಿಕ್ಕಿನ ನಂಬರನ್ನೂ ಹಾಕುತ್ತೇನೆ. ಮೂರನೇ ವಾರಕ್ಕೆ ಆಕೆ ಬೇಸರ ಮಾಡಿಕೊಂಡು ನಿಮ್ಮೆದುರು ನಿಂತಾಗ ಆ ನಂಬರಿಗೆ ನೀವೇ ಫೋನ್ ಹಚ್ಚಿ ಕೊಡಿ, ನಾನು ಮಾತಾಡುತ್ತೇನೆ.

ಇತಿ,
ನಿಮ್ಮ ಅಂಗಡಿಗೆ ದಿನಾ ಚೀಟಿ ಕಳಿಸುವ ಒಬ್ಬ ವೈದ್ಯೆ